ಹಳೆಯ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವವರೇ, ‘ಎಂಎಕ್ಸ್150’ ಅನ್ನುವ ಹೆಸರು ನೋಡಿ ದುಡ್ಡು ಕೊಡಬೇಡಿ

ಒಬ್ಬರು ಎನ್‌ವಿಡಿಯಾ ಕಂಪನಿಯ 940ಎಂಎಕ್ಸ್ ಗ್ರಾಫಿಕ್ಸ್ ಕಾರ್ಡ್ ಇದ್ದ ತಮ್ಮ ಲ್ಯಾಪ್‌ಟಾಪ್ ಮಾರಿ, ಮೇಲೊಂದಿಷ್ಟು ದುಡ್ಡು ಹಾಕಿ, ಅದೇ ಕಂಪನಿಯ ಎಂಎಕ್ಸ್150 ಕಾರ್ಡ್ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡರು. ತೆಳ್ಳಗಿನ, ಚೆಂದದ ಯಂತ್ರ. ಜಾಹೀರಾತಿನಲ್ಲಿ ‘6 ಜಿಬಿ ಗ್ರಾಫಿಕ್ಸ್’ ಎಂದಿತ್ತು. ಮನೆಗೆ ತಂದು ಅದೇ ಗೇಮ್ ಅನ್ನು ಅದೇ ಸೆಟ್ಟಿಂಗ್‌ನಲ್ಲಿ ಹಾಕಿದರೆ ಫ್ರೇಮ್ ರೇಟ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಸಂಖ್ಯೆ) ಹಳೆಯ ಲ್ಯಾಪ್‌ಟಾಪ್‌ನಲ್ಲಿ ಬರುತ್ತಿದ್ದಷ್ಟೇ. ಹದಿನೈದು ನಿಮಿಷ ಆಡಿದ ಮೇಲೆ ಅದಕ್ಕಿಂತಲೂ ಕೆಳಗೆ. ಡ್ರೈವರ್ ಬದಲಿಸಿದ್ದಾಯಿತು, ವಿಂಡೋಸ್ ಹೊಸದಾಗಿ ಹಾಕಿದ್ದಾಯಿತು, ಏನೂ ಪ್ರಯೋಜನವಾಗಲಿಲ್ಲ. ಕಾರ್ಡ್ ಕೆಟ್ಟಿರಲಿಲ್ಲ, ನಕಲಿಯೂ ಆಗಿರಲಿಲ್ಲ. ಅದು ಎಂಎಕ್ಸ್150ರ 10 ವ್ಯಾಟ್ ಆವೃತ್ತಿ, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ನಿಧಾನವಾಗಿ ಓಡುವಂಥದ್ದು. ಹಿಂದಿರುಗಿಸಲು ಹೋದಾಗ ಸಿಕ್ಕ ಉತ್ತರ: ‘ಹೆಸರು ನೋಡಿ ಸ್ವಾಮಿ, ಎಂಎಕ್ಸ್150 ಅಂತಲೇ ಇದೆಯಲ್ಲ.’

ಹೌದು, ಹೆಸರು ಸರಿಯಾಗಿಯೇ ಇತ್ತು. ತೊಂದರೆ ಇರುವುದೇ ಅಲ್ಲಿ. ‘940ಎಂಎಕ್ಸ್ ಒಳ್ಳೆಯದೋ ಎಂಎಕ್ಸ್150 ಒಳ್ಳೆಯದೋ’ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಹೆಸರು ಎರಡಾದರೂ ಕಾರ್ಡ್ ನಾಲ್ಕು. ಯಾವ 940ಎಂಎಕ್ಸ್, ಯಾವ ಎಂಎಕ್ಸ್150 ಎಂದು ಗೊತ್ತಾಗುವವರೆಗೆ ಆ ಪ್ರಶ್ನೆಗೆ ಉತ್ತರವೇ ಇಲ್ಲ.

940ಎಂಎಕ್ಸ್ ಬಂದದ್ದು 2016ರಲ್ಲಿ, ಮ್ಯಾಕ್ಸ್‌ವೆಲ್ ಪೀಳಿಗೆಯ ಚಿಪ್. ಸಾಮಾನ್ಯವಾಗಿ ಸಿಗುವುದರಲ್ಲಿ 384 ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಇರುತ್ತವೆ. ಮೆಮೊರಿ ದಾರಿ 64 ಬಿಟ್ ಅಗಲ. ಇದನ್ನು ಲ್ಯಾಪ್‌ಟಾಪ್ ತಯಾರಕರು ನಿಧಾನದ ಡಿಡಿಆರ್3 ಮೆಮೊರಿ ಹಾಕಿಯೂ ಮಾರಿದರು, ವೇಗದ ಜಿಡಿಡಿಆರ್5 ಹಾಕಿಯೂ ಮಾರಿದರು. ಎಂಎಕ್ಸ್150 ಬಂದದ್ದು 2017ರಲ್ಲಿ, ಪಾಸ್ಕಲ್ ಪೀಳಿಗೆ. ಅದೇ 384 ಕೋರ್, ಅದೇ 64 ಬಿಟ್, ಮೆಮೊರಿ ಮಾತ್ರ ಯಾವಾಗಲೂ ಜಿಡಿಡಿಆರ್5. ಆದರೆ ಇದರಲ್ಲೂ ಎರಡು ಬಗೆ. 25 ವ್ಯಾಟ್‌ನದರ ಗಡಿಯಾರ, ಅಂದರೆ ಚಿಪ್ ಓಡುವ ವೇಗ, 1468 ಮೆಗಾಹರ್ಟ್ಸ್‌ನಿಂದ ಶುರುವಾಗಿ 1531ಕ್ಕೆ ಏರುತ್ತದೆ. 10 ವ್ಯಾಟ್‌ನದು 937ರಿಂದ ಶುರುವಾಗಿ 1037ಕ್ಕೆ. ಶುರುವಿನ ವೇಗದಲ್ಲೇ ಶೇಕಡ 36ರಷ್ಟು ಕಡಿಮೆ. ಈ ವಿಷಯ ಹೊರಗೆ ಬಂದದ್ದೇ 2018ರಲ್ಲಿ, ಅದೂ ಒಂದೇ ಹೆಸರಿನ ಎರಡು ಕಾರ್ಡ್‌ಗಳ ಫಲಿತಾಂಶ ತಾಳೆಯಾಗದೆ ಪರೀಕ್ಷಕರು ಕೆದಕಿ ನೋಡಿದ ಮೇಲೆ. ಪೆಟ್ಟಿಗೆಯ ಮೇಲೂ ಡಿವೈಸ್ ಮ್ಯಾನೇಜರ್‌ನ ಪಟ್ಟಿಯಲ್ಲೂ ಎರಡಕ್ಕೂ ಒಂದೇ ಹೆಸರು. ಕೊಳ್ಳುವವರಿಗೆ ಮಾಡಿದ ದೊಡ್ಡ ಅನ್ಯಾಯ ಇದು.

ಮೆಮೊರಿಯ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿ. 64 ಬಿಟ್ ಅಂದರೆ 8 ಬೈಟ್. ಡಿಡಿಆರ್3 ಇರುವ 940ಎಂಎಕ್ಸ್‌ನಲ್ಲಿ ಮೆಮೊರಿ ಸೆಕೆಂಡಿಗೆ 180ರಿಂದ 200 ಕೋಟಿ ಸಲ ದತ್ತಾಂಶ ಕೊಡುತ್ತದೆ. ಎಂಟರಿಂದ ಗುಣಿಸಿದರೆ ಸೆಕೆಂಡಿಗೆ 14.4ರಿಂದ 16 ಜಿಬಿ. ಜಿಡಿಡಿಆರ್5 ಇರುವುದರಲ್ಲಿ 500 ಕೋಟಿ ಸಲ, ಅಂದರೆ 40 ಜಿಬಿ. ಒಂದೇ ಹೆಸರು, ಎರಡೂವರೆ ಪಟ್ಟು ಅಂತರ. 25 ವ್ಯಾಟ್‌ನ ಎಂಎಕ್ಸ್150ರಲ್ಲಿ 600 ಕೋಟಿ ಸಲ, 48 ಜಿಬಿ. 10 ವ್ಯಾಟ್‌ನದರಲ್ಲಿ ಮತ್ತೆ 500 ಕೋಟಿ, 40 ಜಿಬಿ. ಈಗ 940ಎಂಎಕ್ಸ್‌ನ ಜಿಡಿಡಿಆರ್5 ಕಾರ್ಡನ್ನೂ 10 ವ್ಯಾಟ್‌ನ ಎಂಎಕ್ಸ್150ಯನ್ನೂ ಅಕ್ಕಪಕ್ಕ ಇಡಿ: ಕೋರ್ ಸಮ, ಮೆಮೊರಿ ವೇಗ ಸಮ, ಕೋರ್ ಗಡಿಯಾರದಲ್ಲೂ ದೊಡ್ಡ ಅಂತರವಿಲ್ಲ. ಪಾಸ್ಕಲ್‌ಗೆ ಮೆಮೊರಿಯನ್ನು ಚೆನ್ನಾಗಿ ಅಡಕಿಸಿ ಬಳಸುವ ಗುಣ ಇರುವುದರಿಂದ ಹೊಸದು ಅಷ್ಟಿಷ್ಟು ಸುಧಾರಿಸಿಕೊಳ್ಳುತ್ತದೆ. ಆದರೂ ಆಟದಲ್ಲಿ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಅದರಿಂದ ಬರುವುದಿಲ್ಲ. ಆ ಕೊಳ್ಳುವಿಕೆಯಲ್ಲಿ ಆದದ್ದೂ ಇಷ್ಟೇ.

ಆದ್ದರಿಂದ ಮೇಲಿನಿಂದ ಕೆಳಕ್ಕೆ ಸಾಲು ಹೀಗೆ: 25 ವ್ಯಾಟ್ ಎಂಎಕ್ಸ್150 ಎಲ್ಲಕ್ಕಿಂತ ಸಾಕಷ್ಟು ಮುಂದೆ. ನಂತರ 10 ವ್ಯಾಟ್ ಎಂಎಕ್ಸ್150 ಮತ್ತು ಜಿಡಿಡಿಆರ್5 940ಎಂಎಕ್ಸ್, ಹತ್ತಿರ ಹತ್ತಿರ. ಬಹಳ ಹಿಂದೆ ಡಿಡಿಆರ್3 940ಎಂಎಕ್ಸ್. ಕೈಯಲ್ಲಿ ಡಿಡಿಆರ್3 ಇದ್ದವರಿಗೆ ಮೇಲಿನ ಯಾವುದಕ್ಕೆ ಹೋದರೂ ಲಾಭ. ಜಿಡಿಡಿಆರ್5 ಇದ್ದವರು 25 ವ್ಯಾಟ್ ಎಂದು ಖಚಿತವಾಗದ ಎಂಎಕ್ಸ್150ಗೆ ಒಂದು ಪೈಸೆಯನ್ನೂ ಹೆಚ್ಚು ಕೊಡಬಾರದು.

ಪತ್ತೆ ಮಾಡುವುದು ಎರಡು ನಿಮಿಷದ ಕೆಲಸ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಎನ್‌ವಿಡಿಯಾ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಪ್ರಾಪರ್ಟಿ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡಿಸ್ ಆರಿಸಿ. ಮೊದಲ ಸಾಲಿನಲ್ಲಿ ಒಂದು ಉದ್ದನೆಯ ಸಂಕೇತ ಬರುತ್ತದೆ. ಅದರಲ್ಲಿ ‘ಡಿಇವಿ’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ನಂತರದ ನಾಲ್ಕು ಸ್ಥಾನ ನೋಡಿ. ಒಂದು, ಡಿ, ಒಂದು, ಸೊನ್ನೆ ಎಂದಿದ್ದರೆ, ಅಂದರೆ 1ಡಿ10, ಅದು 25 ವ್ಯಾಟ್‌ನ ಎಂಎಕ್ಸ್150. ಕೊನೆಯ ಅಂಕಿ ಸೊನ್ನೆಯ ಬದಲು ಎರಡಾಗಿದ್ದು 1ಡಿ12 ಎಂದಿದ್ದರೆ 10 ವ್ಯಾಟ್‌ನದು. ಒಂದೇ ಒಂದು ಅಂಕಿಯ ವ್ಯತ್ಯಾಸ, ಕಣ್ಣಿಟ್ಟು ಓದಿ.

940ಎಂಎಕ್ಸ್‌ಗೆ ಈ ಉಪಾಯ ಸಾಲದು, ಮೆಮೊರಿಯ ಬಗೆಯನ್ನೇ ನೋಡಬೇಕು. ಅದಕ್ಕೆ ಜಿಪಿಯು-ಝಡ್ ಎಂಬ ಸಣ್ಣ ಉಚಿತ ತಂತ್ರಾಂಶ ಸಾಕು. ತೆರೆದ ಕೂಡಲೇ ಕೆಳಗಿನ ಪಟ್ಟಿಯಲ್ಲಿ ಇಂಟೆಲ್ ಬದಲು ಎನ್‌ವಿಡಿಯಾ ಆರಿಸಿಕೊಳ್ಳಿ. ಇದನ್ನು ಮರೆತು ಇಂಟೆಲ್‌ನ ಅಂಕಿಗಳನ್ನೇ ಓದಿ ಗೊಂದಲಕ್ಕೆ ಬೀಳುವವರು ಬಹಳ. ಮೆಮೊರಿ ಟೈಪ್, ಬಸ್ ವಿಡ್ತ್, ಬ್ಯಾಂಡ್‌ವಿಡ್ತ್ ಮೂರನ್ನೂ ನೋಡಿ. ಡಿಫಾಲ್ಟ್ ಕ್ಲಾಕ್ ಎಂಬಲ್ಲಿ 1468 ಇದೆಯೋ 937 ಇದೆಯೋ ಎಂಬುದೂ ಅಲ್ಲೇ ಸಿಗುತ್ತದೆ. ಮಾರುವವರು ದೂರದಲ್ಲಿದ್ದರೆ ಈ ಮೊದಲ ಪುಟದ ಫೋಟೋ ಕೇಳಿ. ಸ್ಕ್ರೀನ್‌ಶಾಟ್ ಬೇಡ, ಲ್ಯಾಪ್‌ಟಾಪ್ ಸಮೇತ ಫೋನಿನಲ್ಲಿ ತೆಗೆದ ಫೋಟೋನೇ ಆಗಬೇಕು. ತೋರಿಸಲು ಹಿಂದೆಮುಂದೆ ನೋಡುವವರ ಹತ್ತಿರ ವ್ಯವಹಾರ ಬೇಡ. ಲ್ಯಾಪ್‌ಟಾಪ್ ತೆಳ್ಳಗಿದ್ದರೆ 10 ವ್ಯಾಟ್, ದಪ್ಪಗಿದ್ದರೆ 25 ಎಂಬ ಊಹೆ ಬಹಳ ಸಲ ನಿಜವಾಗುತ್ತದೆ, ಆದರೆ ದುಡ್ಡು ಹಾಕುವಾಗ ಊಹೆಯನ್ನು ನಂಬಬಾರದು.

ಇನ್ನು ಜಾಹೀರಾತಿನಲ್ಲಿದ್ದ ಆ ‘6 ಜಿಬಿ’. ಕಾರ್ಡಿನಲ್ಲಿ ಇದ್ದದ್ದು 2 ಜಿಬಿ. ಲ್ಯಾಪ್‌ಟಾಪ್‌ನ ರ‍್ಯಾಮ್ 8 ಜಿಬಿ. ಅದರ ಅರ್ಧವನ್ನು, ಅಂದರೆ 4 ಜಿಬಿಯನ್ನು, ಬೇಕಾದರೆ ಗ್ರಾಫಿಕ್ಸ್ ಬಳಸಿಕೊಳ್ಳಲಿ ಎಂದು ವಿಂಡೋಸ್ ಲೆಕ್ಕದಲ್ಲಿ ತೋರಿಸುತ್ತದೆ. ಎರಡೂ ಕೂಡಿಸಿದರೆ ಆರು. ಮಾರುವವರು ಬರೆಯುವುದು ಈ ಮೊತ್ತವನ್ನೇ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಡೆಡಿಕೇಟೆಡ್ ಮತ್ತು ಶೇರ್ಡ್ ಎಂದು ಬೇರೆ ಬೇರೆ ಇರುತ್ತದೆ, ಲೆಕ್ಕಕ್ಕೆ ಬರುವುದು ಡೆಡಿಕೇಟೆಡ್ ಮಾತ್ರ. ಕಾರ್ಡಿನ 2 ಜಿಬಿ ತುಂಬಿದ ಮೇಲೆ ಉಳಿದದ್ದು ರ‍್ಯಾಮ್‌ನಿಂದ, ಕಾರ್ಡನ್ನು ಉಳಿದ ಲ್ಯಾಪ್‌ಟಾಪ್‌ಗೆ ಜೋಡಿಸುವ ಪಿಸಿಐಇ ದಾರಿಯಲ್ಲಿ ಬರಬೇಕು. ಎಂಎಕ್ಸ್150ಗೆ ಇರುವುದು ನಾಲ್ಕೇ ಲೇನ್, ಸೆಕೆಂಡಿಗೆ ಸುಮಾರು 4 ಜಿಬಿ. ಕಾರ್ಡಿನ ಸ್ವಂತ ಮೆಮೊರಿಯ ಹತ್ತನೇ ಒಂದು ಪಾಲೂ ಸರಿಯಾಗಿ ಇಲ್ಲ. ಆಡುವಾಗ ತಿರುಗಿದ ಕೂಡಲೇ ಚಿತ್ರ ಅರ್ಧ ಸೆಕೆಂಡ್ ಹಿಡಿದುಕೊಂಡಂತಾಗುವುದು ಇದರಿಂದಲೇ.

ಇದರ ಅಣ್ಣನಂಥ ಇನ್ನೊಂದು ಬಲೆ: ‘4 ಜಿಬಿ 940ಎಂಎಕ್ಸ್’. ನಾಲ್ಕು ಜಿಬಿಯೂ ಡಿಡಿಆರ್3 ಆಗಿದ್ದರೆ, ಅದಕ್ಕಿಂತ 2 ಜಿಬಿ ಜಿಡಿಡಿಆರ್5 ಕಾರ್ಡೇ ಉತ್ತಮ. ಆ 4 ಜಿಬಿಯನ್ನು ತುಂಬುವಷ್ಟು ಭಾರದ ಗೇಮ್ ಓಡಿಸುವ ಹೊತ್ತಿಗೆ ಸೆಕೆಂಡಿಗೆ 16 ಜಿಬಿಯ ದಾರಿ ಎಂದೋ ಕಟ್ಟಿಕೊಂಡಿರುತ್ತದೆ.

ಕಾರ್ಡ್ ಯಾವುದು ಎಂದು ಖಚಿತವಾದರೂ ಓಡಿಸಿ ನೋಡದೆ ತರಬೇಡಿ. ಚಾರ್ಜರ್ ಹಾಕಿಯೇ ಪರೀಕ್ಷಿಸಿ, ಬ್ಯಾಟರಿಯಲ್ಲಿ ವೇಗ ತಾನಾಗಿಯೇ ಇಳಿಯುತ್ತದೆ. ಯುನಿಜಿನ್ ಹೆವನ್‌ನಂಥ ಉಚಿತ ಪರೀಕ್ಷೆಯನ್ನು ವಿಂಡೋದಲ್ಲಿ ಇಪ್ಪತ್ತು ನಿಮಿಷ ಓಡಲು ಬಿಟ್ಟು, ಪಕ್ಕದಲ್ಲಿ ಜಿಪಿಯು-ಝಡ್‌ನ ಸೆನ್ಸರ್ಸ್ ಪುಟ ತೆರೆದಿಡಿ. ಮೊದಲ ಎರಡು ನಿಮಿಷದ ಅಂಕಿಗೆ ಬೆಲೆಯಿಲ್ಲ, ತಣ್ಣಗಿರುವಾಗ ಎಲ್ಲ ಲ್ಯಾಪ್‌ಟಾಪ್‌ಗಳೂ ಚೆನ್ನಾಗಿ ಓಡುತ್ತವೆ. ಹದಿನೈದನೆಯ ನಿಮಿಷದಲ್ಲಿ ಗಡಿಯಾರ ಎಷ್ಟಿದೆ ನೋಡಿ. 25 ವ್ಯಾಟ್ ಕಾರ್ಡ್ 1468ಕ್ಕಿಂತ ಬಹಳ ಕೆಳಗಿಳಿದಿದ್ದರೆ, ಪರ್ಫ್‌ಕ್ಯಾಪ್ ರೀಸನ್ ಎಂಬ ಸಾಲು ಕಾರಣ ಹೇಳುತ್ತದೆ. ಥರ್ಮಲ್ ಎಂದರೆ ಬಿಸಿ: ಫ್ಯಾನಿನಲ್ಲಿ ಧೂಳು ಕಟ್ಟಿದೆ, ಇಲ್ಲವೇ ಥರ್ಮಲ್ ಪೇಸ್ಟ್ ಒಣಗಿದೆ. ಇದನ್ನು ಸರಿಪಡಿಸಬಹುದು, ಬೆಲೆ ಇಳಿಸಿ ಕೇಳಬಹುದು. ಪವರ್ ಎಂದರೆ ಕಾರ್ಡ್ ತನಗೆ ಹಾಕಿದ ವ್ಯಾಟ್ ಮಿತಿಗೆ ತಲೆ ತಾಗಿಸಿದೆ. ಅದಕ್ಕೆ ಮದ್ದಿಲ್ಲ. ಈ ಬಗೆಯ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್‌ಗೂ ಗ್ರಾಫಿಕ್ಸ್‌ಗೂ ಶಾಖ ಸಾಗಿಸುವ ತಾಮ್ರದ ಕೊಳವೆ ಒಂದೇ. ಹಾಗಾಗಿ ಪ್ರೊಸೆಸರ್ ಮೇಲೂ ಭಾರ ಹಾಕುವ ನಿಜವಾದ ಗೇಮ್ ಒಂದನ್ನು ಹತ್ತು ನಿಮಿಷ ಆಡಿ ನೋಡುವುದು ಇನ್ನೂ ಒಳ್ಳೆಯದು.

ರ‍್ಯಾಮ್ ಒಂದೇ ಕಡ್ಡಿ ಇದೆಯೇ ಎಂದೂ ನೋಡಿ. ಡಿಡಿಆರ್4 2400ರ ಒಂದು ಕಡ್ಡಿ ಸೆಕೆಂಡಿಗೆ 19.2 ಜಿಬಿ ಕೊಟ್ಟರೆ ಎರಡು ಕಡ್ಡಿ 38.4 ಕೊಡುತ್ತವೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಎನ್‌ವಿಡಿಯಾ ಬಿಡಿಸಿದ ಪ್ರತಿ ಫ್ರೇಮೂ ಇಂಟೆಲ್ ಗ್ರಾಫಿಕ್ಸ್ ಮೂಲಕವೇ ಪರದೆಗೆ ಹೋಗುತ್ತದೆ, ಅದಕ್ಕೂ ಇದೇ ರ‍್ಯಾಮ್ ಬೇಕು. ಎರಡನೆಯ ಕಡ್ಡಿ ಹಾಕಿದ ಮೇಲೆ ಗೇಮ್ ತೊದಲುವುದು ಕಡಿಮೆಯಾದರೆ ಆಶ್ಚರ್ಯವಿಲ್ಲ. ಅದನ್ನು ಬಿಟ್ಟು ದಿನಕ್ಕೊಂದು ಡ್ರೈವರ್ ಬದಲಿಸುತ್ತ ಕೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಈಗಾಗಲೇ ಕೊಂಡು ಕೂತವರು ಸೆಟ್ಟಿಂಗ್‌ಗಳನ್ನು ತಮ್ಮ ಕಾರ್ಡಿನ ಕೊರತೆ ನೋಡಿ ಇಳಿಸಬೇಕು. ಎಲ್ಲವನ್ನೂ ಒಟ್ಟಿಗೆ ಲೋ ಮಾಡುವುದರಲ್ಲಿ ಅರ್ಥವಿಲ್ಲ. ಡಿಡಿಆರ್3 ಕಾರ್ಡಿಗೆ ಇಕ್ಕಟ್ಟಾಗಿರುವುದು ದಾರಿ, ಆದ್ದರಿಂದ ಮೊದಲು ರೆಸಲ್ಯೂಷನ್ ಇಳಿಸಿ. 1920×1080ರಲ್ಲಿ 20,73,600 ಚುಕ್ಕಿಗಳಿದ್ದರೆ 1280×720ರಲ್ಲಿ 9,21,600 ಮಾತ್ರ, ಅರ್ಧಕ್ಕಿಂತ ಕಡಿಮೆ. ಚಿತ್ರದ ಅಂಚುಗಳನ್ನು ನಯಗೊಳಿಸುವ ಎಂಎಸ್ಎಎ ಪೂರ್ತಿ ತೆಗೆಯಿರಿ, ನೆರಳು ಕಡಿಮೆ ಮಾಡಿ. ಮೆಮೊರಿಯಲ್ಲಿ ಜಾಗ ಇದ್ದರೆ ಟೆಕ್ಸ್‌ಚರ್ (ವಸ್ತುಗಳ ಮೈಮೇಲಿನ ಚಿತ್ರ) ಮೀಡಿಯಮ್‌ನಲ್ಲೇ ಇರಲಿ. 2 ಜಿಬಿ ಜಿಡಿಡಿಆರ್5 ಕಾರ್ಡಿಗೆ ತದ್ವಿರುದ್ಧ: ಮೊದಲು ಇಳಿಯಬೇಕಾದದ್ದು ಟೆಕ್ಸ್‌ಚರ್. ಜಿಟಿಎ 5ರ ಗ್ರಾಫಿಕ್ಸ್ ಪುಟದಲ್ಲಿ ವಿಡಿಯೋ ಮೆಮೊರಿಯ ಪಟ್ಟಿಯೊಂದು ಕಾಣುತ್ತದಲ್ಲ, ಅದನ್ನು ಮಿತಿಯೊಳಗೆ ಇಟ್ಟರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಇದಕ್ಕೂ ಮುಂಚೆ, ಗೇಮ್ ನಿಜವಾಗಿ ಎನ್‌ವಿಡಿಯಾದಲ್ಲೇ ಓಡುತ್ತಿದೆಯೇ ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿಕೊಳ್ಳಿ. ಇಂಟೆಲ್‌ನಲ್ಲಿ ಓಡುತ್ತಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ, ಗ್ರಾಫಿಕ್ಸ್ ಪುಟದಲ್ಲಿ ಆ ಗೇಮ್‌ಗೆ ಹೈ ಪರ್ಫಾರ್ಮೆನ್ಸ್ ಆರಿಸಿ.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. 1ಡಿ12 ಕಾರ್ಡಿಗೆ 1ಡಿ10ರ ವಿಬಯಾಸ್ (ಕಾರ್ಡನ್ನು ನಡೆಸುವ ಒಳಗಿನ ತಂತ್ರಾಂಶ) ತುಂಬಿಸಿದರೆ 25 ವ್ಯಾಟ್ ಸಿಗುತ್ತದೆ ಎಂದು ಹೇಳುವವರಿದ್ದಾರೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವಿಬಯಾಸ್ ಬೇರೆಯಾಗಿ ಇರುವುದೇ ಇಲ್ಲ, ಮದರ್‌ಬೋರ್ಡಿನ ಬಯಾಸ್ ಒಳಗೇ ಸೇರಿರುತ್ತದೆ. ಅಲ್ಲಿ ಎಡವಿದರೆ ಲ್ಯಾಪ್‌ಟಾಪ್ ಆನ್ ಆಗುವುದೇ ನಿಂತುಹೋಗಬಹುದು. ಆನ್ ಆದರೂ ಹತ್ತು ವ್ಯಾಟ್‌ಗೆಂದು ಮಾಡಿದ ಕೂಲಿಂಗ್ ಹಾಗೆಯೇ ಉಳಿದಿರುತ್ತದೆ. ಚಿಪ್ ಅನ್ನು ಬೋರ್ಡಿಗೇ ಬೆಸೆದಿರುವುದರಿಂದ ಕಾರ್ಡ್ ಒಂದನ್ನೇ ಬದಲಿಸುವ ದಾರಿಯೂ ಇಲ್ಲ.

940ಎಂಎಕ್ಸ್ ಮೇಲೆ ಈಗ ದುಡ್ಡು ಹಾಕಲು ಹೊರಟವರು ಇನ್ನೊಂದು ತಿಳಿದಿರಲಿ. ಗೇಮ್‌ಗಳು ಗ್ರಾಫಿಕ್ಸ್ ಬಳಸಲು ವಿಂಡೋಸ್‌ನಲ್ಲಿರುವ ವ್ಯವಸ್ಥೆಯಾದ ಡೈರೆಕ್ಟ್‌ಎಕ್ಸ್ 12 ಅನ್ನು ಅದು ಬೆಂಬಲಿಸುತ್ತದೆ ಎಂದು ಬರೆದಿದ್ದರೂ ಅದರ ಫೀಚರ್ ಲೆವೆಲ್, ಅಂದರೆ ಅದರಲ್ಲಿರುವ ಸೌಲಭ್ಯಗಳ ಮಟ್ಟ, 11_0 ಮಾತ್ರ. 12_0 ಕೇಳುವ ಗೇಮ್‌ಗಳು ಅದರಲ್ಲಿ ನಿಧಾನವಾಗಿ ಓಡುವುದಿಲ್ಲ, ತೆರೆಯುವುದೇ ಇಲ್ಲ. ಎಂಎಕ್ಸ್150ಗೆ 12_1 ಇದೆ. ಆದರೆ ಅದರಲ್ಲಿ ವಿಡಿಯೋವನ್ನು ಅಡಕಿಸಿ ಉಳಿಸುವ ಎನ್‌ಕೋಡರ್ ಇಲ್ಲ, ಆಡಿದ್ದನ್ನು ರೆಕಾರ್ಡ್ ಮಾಡಬೇಕೆಂದರೆ ಇಂಟೆಲ್‌ನ ಎನ್‌ಕೋಡರ್ ಅಥವಾ ಪ್ರೊಸೆಸರನ್ನೇ ನೆಚ್ಚಿಕೊಳ್ಳಬೇಕು. ಡ್ರೈವರ್ ವಿಷಯದಲ್ಲಿ ಎರಡಕ್ಕೂ ಒಂದೇ ಗತಿ. ಎನ್‌ವಿಡಿಯಾ ಘೋಷಿಸಿರುವಂತೆ ಮ್ಯಾಕ್ಸ್‌ವೆಲ್, ಪಾಸ್ಕಲ್ ಎರಡಕ್ಕೂ ಹೊಸ ಗೇಮ್‌ಗಳಿಗೆ ಹೊಂದಿಸಿದ ಡ್ರೈವರ್‌ಗಳು 2025ರ ಅಕ್ಟೋಬರ್‌ಗೆ ಕೊನೆ, ಭದ್ರತೆಯ ತಿದ್ದುಪಡಿಗಳು ಮಾತ್ರ 2028ರ ಅಕ್ಟೋಬರ್‌ವರೆಗೆ.

ತೆಳ್ಳಗಿನ ಲ್ಯಾಪ್‌ಟಾಪೇ ಬೇಕೆಂಬ ಹಟ ಇಲ್ಲದಿದ್ದರೆ ಇವೆರಡನ್ನೂ ಬಿಟ್ಟು ಜಿಟಿಎಕ್ಸ್ 960ಎಂ ಇರುವುದನ್ನು ಹುಡುಕಿ. ಅದು 2015ರದ್ದು, ಅದರ ಫೀಚರ್ ಲೆವೆಲ್ ಕೂಡ 11_0 ಹೌದು. ಆದರೆ 640 ಕೋರ್, 128 ಬಿಟ್ ದಾರಿ, ಸೆಕೆಂಡಿಗೆ 80 ಜಿಬಿ. ಜಿಟಿಎಕ್ಸ್ 1050 ಸಿಕ್ಕರಂತೂ 112 ಜಿಬಿ, 12_1 ಕೂಡ. 950ಎಂ ಕಂಡರೆ ಮತ್ತೆ ಮೆಮೊರಿ ಕೇಳಿ: ಡಿಡಿಆರ್3 ಇದ್ದರೆ 32 ಜಿಬಿ, ಜಿಡಿಡಿಆರ್5 ಇದ್ದರೆ 80. ಎಂಎಕ್ಸ್130 ಎಂಬುದು 940ಎಂಎಕ್ಸ್‌ಗೇ ಇಟ್ಟ ಹೊಸ ಹೆಸರು. ಎಂಎಕ್ಸ್250 ತೋರಿಸಿ ‘ಇದು ಹೊಸದು’ ಎಂದರೆ ಅದರ ಐಡಿಯನ್ನೂ ತೆರೆಸಿ ನೋಡಿ: 1ಡಿ13 ಇದ್ದರೆ 25 ವ್ಯಾಟ್, 1ಡಿ52 ಇದ್ದರೆ ಮತ್ತೆ ಅದೇ 10.