ಇಮಾಟಿನಿಬ್ 400 ಮಿ.ಗ್ರಾಂ: ಸಿಎಂಎಲ್‌ಗೆ ಒಳ್ಳೆಯ ಮಾತ್ರೆ, ಆದರೆ ಪಿಸಿಆರ್ ಬಿಡುವಂತಿಲ್ಲ

ಇಮಾಟಿನಿಬ್ ಎಲ್ಲ ಬಗೆಯ ರಕ್ತದ ಕ್ಯಾನ್ಸರ್‌ಗೂ ಆಗುವ ಮಾತ್ರೆಯಲ್ಲ. ರಕ್ತಕಣಗಳ ಕ್ಯಾನ್ಸರ್ ಆದ ಲ್ಯುಕೇಮಿಯಾದಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಎಎಲ್‌ಎಲ್ (ಅಕ್ಯೂಟ್ ಲಿಂಫೋಬ್ಲಾಸ್ಟಿಕ್) ಮತ್ತು ಎಎಂಎಲ್ (ಅಕ್ಯೂಟ್ ಮೈಲಾಯ್ಡ್) ಕೆಲವೇ ವಾರಗಳಲ್ಲಿ ಉಲ್ಬಣಿಸುತ್ತವೆ. ಸಿಎಲ್‌ಎಲ್ (ಕ್ರಾನಿಕ್ ಲಿಂಫೋಸೈಟಿಕ್) ಮತ್ತು ಸಿಎಂಎಲ್ (ಕ್ರಾನಿಕ್ ಮೈಲಾಯ್ಡ್) ನಿಧಾನವಾಗಿ ಬೆಳೆಯುತ್ತವೆ. ಇಮಾಟಿನಿಬ್ ಹೇಳಿ ಮಾಡಿಸಿದಂತಿರುವುದು ಸಿಎಂಎಲ್‌ಗೆ. ಫಿಲಡೆಲ್ಫಿಯಾ ಕ್ರೋಮೋಸೋಮ್ (ಮುಂದೆ ಹೇಳುವ 9-22ರ ಅದಲುಬದಲಿನಿಂದ ಹುಟ್ಟುವ ಕ್ರೋಮೋಸೋಮ್) ಇರುವ ಎಎಲ್‌ಎಲ್‌ನಲ್ಲಿ ಕೀಮೋ ಜೊತೆಗೂ ಕೊಡುತ್ತಾರೆ. ಉಳಿದೆರಡಕ್ಕೆ ಇದು ಔಷಧಿಯಲ್ಲ. ಹಾಗಾಗಿ ರೋಗದ ಬಗೆ ಖಚಿತವಾಗದೆ ಇದನ್ನು ಕೊಳ್ಳಬೇಡಿ.

ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಣುಕುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಜೋಡಿ ಜೀನ್ ಹುಟ್ಟುತ್ತದೆ. ಅದು ತಯಾರಿಸುವ ಕಿಣ್ವಕ್ಕೆ ವಿರಾಮವೇ ಇಲ್ಲ. ಬಿಳಿ ರಕ್ತಕಣ ಹುಟ್ಟಿಸುತ್ತಲೇ ಇರುವಂತೆ ಮಜ್ಜೆಯನ್ನು ದೂಡುತ್ತದೆ, ಗುಲ್ಮ (ಸ್ಪ್ಲೀನ್) ಊದಿಕೊಳ್ಳುತ್ತದೆ. ಇಮಾಟಿನಿಬ್ ಆ ಕಿಣ್ವಕ್ಕೆ ಶಕ್ತಿ ಸಿಗುವ ಜಾಗದಲ್ಲೇ ಕೂತು ಅದನ್ನು ನಿಲ್ಲಿಸುತ್ತದೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಮಾತ್ರೆಯಿಂದ ಸಿಎಂಎಲ್ ಬಹುಪಾಲು ಜನರಿಗೆ ಬಿಪಿ, ಶುಗರ್‌ನಂತೆ ದಿನವೂ ನಿಭಾಯಿಸಬಹುದಾದ ಕಾಯಿಲೆಯಾಯಿತು. ವೈದ್ಯಕೀಯ ಇತಿಹಾಸದಲ್ಲಿ ಇಂಥ ತಿರುವು ಅಪರೂಪ.

ಭಾರತದಲ್ಲಿ ಬೆಲೆಯೂ ಕೈಗೆಟಕುವ ಮಟ್ಟಕ್ಕೆ ಇಳಿದಿದೆ. ಇದನ್ನು ಮೊದಲು ತಂದ ಕಂಪನಿ ನೊವಾರ್ಟಿಸ್‌ನ ಪೇಟೆಂಟ್ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಜೆನೆರಿಕ್, ಅಂದರೆ ಇದೇ ಔಷಧಿಯನ್ನು ಬೇರೆ ಹೆಸರಲ್ಲಿ ಮಾಡುವ ಇಲ್ಲಿನ ತಯಾರಕರ ದಾರಿ ತೆರೆದೇ ಉಳಿಯಿತು. ಜೆನೆರಿಕ್ ಎಂದ ಮಾತ್ರಕ್ಕೆ ಅನುಮಾನ ಬೇಡ. ಆದರೆ ಬಿಲ್ ಪಡೆಯಿರಿ, ಬ್ಯಾಚ್ ನಂಬರ್ ನೋಡಿ, ಬ್ರಾಂಡ್ ಬದಲಾದರೆ ವೈದ್ಯರಿಗೆ ತಿಳಿಸಿ.

ಕ್ರಾನಿಕ್ ಹಂತದ (ರೋಗ ನಿಧಾನವಾಗಿರುವ ಹಂತ) ವಯಸ್ಕರಿಗೆ ಸಾಮಾನ್ಯ ಪ್ರಮಾಣ ದಿನಕ್ಕೊಂದು 400 ಮಿ.ಗ್ರಾಂ ಮಾತ್ರೆ; ಉಲ್ಬಣಿಸಿದ ಹಂತದಲ್ಲಿ 600. ಊಟದ ಜೊತೆ, ದೊಡ್ಡ ಲೋಟ ತುಂಬ ನೀರಿನೊಂದಿಗೆ ನುಂಗಬೇಕು. ಬರಿಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಕರಿಕೆ ಹೆಚ್ಚು. ನುಂಗಲಾಗದವರು 400ರ ಮಾತ್ರೆಯನ್ನು ಸುಮಾರು 200 ಮಿ.ಲೀ. ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಯಬಹುದು. ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗಬಾರದು.

ಕಣ್ಣಿನ ಸುತ್ತ ಊತ, ಕಾಲಿನ ಮಾಂಸಖಂಡದ ಸೆಳೆತ, ಭೇದಿ, ಚರ್ಮದ ಮೇಲೆ ದದ್ದು ಸಾಮಾನ್ಯ. ಹೆಚ್ಚಿನವು ಸಹಿಸುವಷ್ಟೇ ಇರುತ್ತವೆ. ತೂಕ ದಿಢೀರನೆ ಏರಿದರೆ, ಉಸಿರು ಕಟ್ಟಿದರೆ ಕಾಯಬೇಡಿ. ಮೊದಲ ತಿಂಗಳು ವಾರಕ್ಕೊಮ್ಮೆ, ಎರಡನೆಯ ತಿಂಗಳು ಎರಡು ವಾರಕ್ಕೊಮ್ಮೆ ರಕ್ತಕಣಗಳ ಎಣಿಕೆ ಆಗಬೇಕು. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿಕಣ) ಮೈಕ್ರೋಲೀಟರ್ ರಕ್ತಕ್ಕೆ 1,000ಕ್ಕಿಂತ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಇಳಿದರೆ ವೈದ್ಯರು ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇದರ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತವೆ, ಕ್ಲಾರಿಥ್ರೋಮೈಸಿನ್ ಏರಿಸುತ್ತದೆ. ಗರ್ಭಿಣಿಯರಿಗೆ ಸಲ್ಲದು.

ಹೆಚ್ಚು ಎಡವುವುದು ಮಾತ್ರ ಬೇರೆಡೆ. ಬಿಳಿಕಣಗಳ ಸಂಖ್ಯೆ ಕೆಲವೇ ವಾರಗಳಲ್ಲಿ ಸಹಜಕ್ಕೆ ಬರುತ್ತದೆ, ಸುಸ್ತು ಹೋಗುತ್ತದೆ, ಗುಣವಾಯಿತೆಂದು ಮಾತ್ರೆ ತಪ್ಪತೊಡಗುತ್ತದೆ. ಸಾಮಾನ್ಯ ರಕ್ತಪರೀಕ್ಷೆಗೆ ಕಾಣದ ರೋಗವನ್ನು ತೋರಿಸುವುದು ಬಿಸಿಆರ್-ಎಬಿಎಲ್ ಪಿಸಿಆರ್, ಅಂದರೆ ರಕ್ತದಲ್ಲಿ ಆ ಜೋಡಿ ಜೀನ್‌ನ ಪ್ರಮಾಣ ಅಳೆಯುವ ಪರೀಕ್ಷೆ. ಮೂರು ತಿಂಗಳಿಗೊಮ್ಮೆ ಮಾಡಿಸಬೇಕು, ಸಾಧ್ಯವಾದಷ್ಟು ಒಂದೇ ಲ್ಯಾಬ್‌ನಲ್ಲಿ, ಫಲಿತಾಂಶ ಅಂತರರಾಷ್ಟ್ರೀಯ ಮಾಪಕದಲ್ಲಿ (ಎಲ್ಲ ಲ್ಯಾಬ್‌ಗಳಿಗೂ ಒಂದೇ ಅಳತೆ) ಇರಬೇಕು. ಈ ಪ್ರಮಾಣ 3 ತಿಂಗಳಿಗೆ ಶೇ. 10, 6 ತಿಂಗಳಿಗೆ ಶೇ. 1, ವರ್ಷಕ್ಕೆ ಶೇ. 0.1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೆಲಸ ಮಾಡುತ್ತಿದೆ. ಮಾತ್ರೆಗೆ ಹಣ ಹೊಂದಿಸುವವರೂ ಈ ಪರೀಕ್ಷೆಯನ್ನು ಖರ್ಚೆಂದು ಮುಂದೂಡುತ್ತಾರೆ; ಉಳಿತಾಯ ಮಾಡಲೇಬಾರದ ಜಾಗ ಇದು.

ಗುರಿ ಮುಟ್ಟದಿದ್ದರೆ ಮೊದಲು ಮಾತ್ರೆ ತಪ್ಪಿದೆಯೇ ಎಂದು ನೋಡಿ, ಆಮೇಲೆ ಆ ಜೀನ್‌ನಲ್ಲಿ ರೂಪಾಂತರ (ಮ್ಯುಟೇಶನ್) ಆಗಿದೆಯೇ ಎಂಬ ಪರೀಕ್ಷೆ ಮಾಡಿಸುತ್ತಾರೆ. ಡಾಸಾಟಿನಿಬ್, ನಿಲೋಟಿನಿಬ್ ಮುಂದಿನ ಆಯ್ಕೆಗಳು. ಟಿ315ಐ ಎಂಬ ರೂಪಾಂತರ ಕಂಡರೆ ಇಮಾಟಿನಿಬ್ ಸೇರಿ ಈ ಮೂರೂ ನಾಟುವುದಿಲ್ಲ. ಆಗ ಪೊನಾಟಿನಿಬ್, ಅಸಿಮಿನಿಬ್ ಅಥವಾ ಮಜ್ಜೆ ಕಸಿಯ ಮಾತು ಬರುತ್ತದೆ.