ದಿನಕ್ಕೆ ಮೂರು ಸಲ ವಿಮಾನ ಹತ್ತುವ ಮಗ: ಡಿಜಿಟಲ್ ಫೋಟೋ ಫ್ರೇಮಿನ ಜೊತೆ ಎರಡು ವರ್ಷ

ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಮಗ ಮತ್ತೆ ವಿಮಾನ ಹತ್ತುತ್ತಾನೆ. ಎರಡು ವರ್ಷಕ್ಕೂ ಮಿಕ್ಕಿ ಈ ಡಿಜಿಟಲ್ ಫೋಟೋ ಫ್ರೇಮನ್ನು ಬಳಸಿದ ಮೇಲೆ ಇದರ ಬಗ್ಗೆ ನಾನು ಹೇಳಬೇಕೆಂದಿರುವುದರಲ್ಲಿ ಮುಕ್ಕಾಲು ಪಾಲು ಇದೊಂದೇ. ಪರದೆಯ ಅಳತೆ, ಒಳಗಿರುವ ಜಾಗ, ಬಣ್ಣದ ಹೊಳಪು ಇವನ್ನೆಲ್ಲ ಮಾರುವ ಪುಟದಲ್ಲಿಯೇ ನೀವು ಓದಿರುತ್ತೀರಿ. ಅವು ಅಲ್ಲಿ ಹೇಳಿದಂತೆಯೇ ಇವೆ, ಆ ವಿಷಯದಲ್ಲಿ ತಕರಾರಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ಕರೆಂಟು ಹೋಗುವ ತುಮಕೂರಿನ ಬಡಾವಣೆಯೊಂದರಲ್ಲಿ ಈ ಪೆಟ್ಟಿಗೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಯಾರೂ ಬರೆದಿಲ್ಲ.

ಮಗ ಸೊಸೆ ಇಬ್ಬರೂ 2023ರ ಆಗಸ್ಟಿನಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮಿಗೆ ಹೋದರು. ಮೊದಲ ಮೂರು ತಿಂಗಳು ಚಿತ್ರಗಳೆಲ್ಲ ವಾಟ್ಸ್‌ಆ್ಯಪಿಗೆ ಬರುತ್ತಿದ್ದವು. ನನ್ನಾಕೆಗೆ ಆಗಷ್ಟೇ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಫೋನಿನ ಪುಟ್ಟ ಪರದೆಯಲ್ಲಿ ಸೊಸೆ ಯಾರು, ಸೈಕಲ್ಲು ಯಾವುದು ಎಂದು ತಿಳಿಯದೆ ಕೊನೆಗೆ ಫೋನನ್ನೇ ದೂರವಿಡುತ್ತಿದ್ದಳು. ಹಾಗಾಗಿ ಆ ವರ್ಷದ ದೀಪಾವಳಿಗೆ ಮಗ ಅಲ್ಲಿಂದಲೇ ಈ ಫ್ರೇಮನ್ನು ನಮ್ಮ ವಿಳಾಸಕ್ಕೆ ತರಿಸಿದ. ಬೆಲೆ 8,900 ರೂಪಾಯಿ. ಪಿಂಚಣಿಯಿಂದ ಆ ಹಣವನ್ನು ಮಾರನೆಯ ದಿನವೇ ಅವನ ಖಾತೆಗೆ ಹಾಕಿದೆ. ಅವನು ಬೇಸರಪಟ್ಟುಕೊಂಡ, ಆದರೆ ಉಡುಗೊರೆಯ ದೋಷ ಎಣಿಸಲು ಮನಸ್ಸು ಒಪ್ಪುವುದಿಲ್ಲ, ಸ್ವಂತ ದುಡ್ಡು ಕೊಟ್ಟು ಕೊಂಡದ್ದನ್ನು ಧಾರಾಳವಾಗಿ ಬೈಯಬಹುದು.

ಜೋಡಿಸುವಾಗ ಒಂದೇ ತೊಡಕಾಯಿತು. ಫ್ರೇಮು 2.4 ಗಿಗಾಹರ್ಟ್ಸ್‌ನ ವೈಫೈಯನ್ನು ಮಾತ್ರ ಹಿಡಿಯುತ್ತದೆ, ನಮ್ಮ ಫೋನುಗಳೆಲ್ಲ ಐದರಲ್ಲಿದ್ದವು. ಇಂಟರ್ನೆಟ್ಟಿನ ಹುಡುಗ ಬಂದು ರೂಟರಿನಲ್ಲಿ ಎರಡನ್ನೂ ಬೇರೆ ಬೇರೆ ಹೆಸರಿನಿಂದ ತೋರುವಂತೆ ಮಾಡಿಕೊಟ್ಟು ಹೋದ. ಅಲ್ಲಿಂದಾಚೆಗೆ ಇವತ್ತಿನವರೆಗೂ ಆ ತೊಂದರೆ ಬಂದಿಲ್ಲ.

ಬೆಳಿಗ್ಗೆ 6ಕ್ಕೆ ಫ್ರೇಮು ತಾನಾಗಿ ಬೆಳಗುತ್ತದೆ, ರಾತ್ರಿ 9ಕ್ಕೆ ತಾನಾಗಿ ಕಣ್ಣು ಮುಚ್ಚುತ್ತದೆ. ಅಲ್ಲಿಗೂ ಇಲ್ಲಿಗೂ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರವಿರುವುದರಿಂದ ಅವರು ಮಲಗುವ ಮುನ್ನ ಕಳಿಸಿದ ಚಿತ್ರಗಳು ನಮ್ಮ ನಡುರಾತ್ರಿಯಲ್ಲಿ ಬಂದಿಳಿದು ಬೆಳಗಿನ ಕಾಫಿಯ ಹೊತ್ತಿಗೆ ಕಾದಿರುತ್ತವೆ. ನನ್ನಾಕೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು ಒಳಗೆ ಬಂದು, ಸೆರಗಿನ ತುದಿಯಿಂದ ಪರದೆಯನ್ನು ಒರೆಸಿದ ಮೇಲೆಯೇ ಕಾಫಿಯ ಲೋಟ ಕೈಗೆ ತೆಗೆದುಕೊಳ್ಳುತ್ತಾಳೆ. ಷೋಕೇಸಿನ ಮೇಲೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಪಟದ ಪಕ್ಕದಲ್ಲಿ ಇದನ್ನು ಇಟ್ಟಿದ್ದೇವೆ. ಒಂದು ದಿನ ಮನೆಗೆಲಸದವಳು ಸ್ವಾಮಿಗಳ ಪಟಕ್ಕೆ ಹೂ ಏರಿಸಿ, ಉಳಿದ ಒಂದು ಗೇಣು ಮಾಲೆಯನ್ನು ಭಕ್ತಿಯಿಂದ ಫ್ರೇಮಿಗೂ ಹಾಕಿಬಿಟ್ಟಿದ್ದಳು. ಬದುಕಿರುವವರ ಪಟಕ್ಕೆ ಹಾರ ಹಾಕುತ್ತಾರೆಯೇ ಎಂದು ನನ್ನಾಕೆ ಹೌಹಾರಿ ಅದನ್ನು ಕಿತ್ತುಹಾಕಿ, ಇಬ್ಬರಿಗೂ ಇಲ್ಲಿಂದಲೇ ದೃಷ್ಟಿ ತೆಗೆದದ್ದಾಯಿತು. ಆ ಹೆಂಗಸು ಈಗಲೂ ಪೊರಕೆ ಹಿಡಿಯುವ ಮೊದಲು ‘ಇವತ್ತೇನು ಬಂದೈತಮ್ಮ ಫಾರಿನ್ನಿಂದ?’ ಎಂದು ಕೇಳದೆ ಇರುವುದಿಲ್ಲ.

ಬರುವುದಾದರೂ ಏನು? ದೊಡ್ಡ ಸಂಗತಿಗಳೇನಲ್ಲ. ಏಣಿಯಷ್ಟೇ ಕಡಿದಾದ ಮನೆಯ ಮೆಟ್ಟಿಲು, ಅದನ್ನು ಹತ್ತಿ ನಡುವಿನಲ್ಲಿ ಕೂತ ಮಗ. 80 ಯೂರೋ ಕೊಟ್ಟು ಕೊಂಡ ಹಳೆಯ ಸೈಕಲ್ಲು, ನಾಲ್ಕನೆಯ ತಿಂಗಳಿನಲ್ಲಿ ಸೈಕಲ್ಲಿಲ್ಲದ ಕಂಬಿಯ ಕಡೆಗೆ ಬೆರಳು ತೋರಿಸುತ್ತ ನಿಂತ ಸೊಸೆ. ಚಳಿಗೆ ಹುದುಗು ಬಾರದ ಇಡ್ಲಿ ಹಿಟ್ಟಿನ ಪಾತ್ರೆಗೆ ಮಗನ ಸ್ವೆಟರ್ ತೊಡಿಸಿ ಒಲೆಯ ಪಕ್ಕದಲ್ಲಿ ಕೂರಿಸಿದ್ದು, ಅದರ ಕೆಳಗೆ ‘ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮೊದಲ ಹೆಜ್ಜೆ’ ಎಂಬ ಸೊಸೆಯ ಒಕ್ಕಣೆ. ಡಿಸೆಂಬರ್ 31ರಂದು ಅಲ್ಲಿಯವರು ಎಣ್ಣೆಯಲ್ಲಿ ಕರಿದು, ಮೇಲೆ ಸಕ್ಕರೆ ಪುಡಿ ಉದುರಿಸಿ ತಿನ್ನುವ ಓಲಿಬೋಲನ್ ಎಂಬ ತಿಂಡಿ. ಇದಕ್ಕೇನು ದೊಡ್ಡ ಹೆಸರು, ಸಕ್ಕರೆ ಹಾಕಿದ ಮಂಗಳೂರು ಬಜ್ಜಿ ಎಂದು ನನ್ನಾಕೆ ಅಲ್ಲಿಗೇ ತೀರ್ಪು ಕೊಟ್ಟಳು. ಒಂದು ಬೆಳಿಗ್ಗೆ ಹಳದಿ ಮನೆಗಳೆಲ್ಲ ಮಗ್ಗುಲಾಗಿ ವಾಲಿಕೊಂಡ ಚಿತ್ರವೊಂದು ಬಂತು. ಫ್ರೇಮಿನ ಚಿತ್ರ ತಿರುಗಿಸುವ ವ್ಯವಸ್ಥೆ ಕೆಟ್ಟಿತೆಂದು ನಾನು ಅದನ್ನು ಅತ್ತ ಇತ್ತ ವಾಲಿಸಿ, ಒಮ್ಮೆ ತಲೆಕೆಳಗು ಮಾಡಿ, ದೂರು ಬರೆಯಲು ಕೂತೇಬಿಟ್ಟಿದ್ದೆ. ಕೊನೆಗೆ ಗೊತ್ತಾದದ್ದೇನೆಂದರೆ ಫ್ರೇಮು ಸರಿಯಾಗಿಯೇ ಇತ್ತು, ಮನೆಗಳನ್ನೇ ಹಾಗೆ ಕಟ್ಟಿದ್ದಾರೆ. ಪೀಟ್ ಬ್ಲಾಮ್ ಎಂಬ ವಾಸ್ತುಶಿಲ್ಪಿ ಘನಾಕೃತಿಯ ಮನೆಗಳನ್ನು ಮೂಲೆಯ ಮೇಲೆ ನಿಲ್ಲಿಸಿದ್ದಾನೆ. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಪಾಠ ಹೇಳಿದವನಿಗೆ ಘನವೊಂದರ ಗುರುತು ಸಿಕ್ಕಲಿಲ್ಲವೆಂಬುದನ್ನು ಮಗ ಇನ್ನೂ ಮರೆತಿಲ್ಲ.

ಇಷ್ಟು ಸೊಗಸಾಗಿ ನಡೆಯುತ್ತಿದ್ದ ವ್ಯವಹಾರ 2025ರ ಬೇಸಿಗೆಯಲ್ಲಿ ಹದಗೆಟ್ಟಿತು. ಫ್ರೇಮಿನೊಳಗೆ ಬ್ಯಾಟರಿ ಇಲ್ಲ. ಕರೆಂಟು ಹೋಯಿತೆಂದರೆ ಆರಿಹೋಗುತ್ತದೆ, ಬಂತೆಂದರೆ ಎಲ್ಲಿ ನಿಂತಿತ್ತೆಂಬ ನೆನಪೇ ಇಲ್ಲದೆ ಮೊಟ್ಟಮೊದಲ ಚಿತ್ರದಿಂದ ಶುರು ಮಾಡುತ್ತದೆ. ನಮ್ಮ ಮೊಟ್ಟಮೊದಲ ಚಿತ್ರ ದೇವನಹಳ್ಳಿಯ ವಿಮಾನ ನಿಲ್ದಾಣದ್ದು: ನಾಲ್ಕು ಪೆಟ್ಟಿಗೆ, ಕೈ ಬೀಸುತ್ತಿರುವ ಮಗ ಸೊಸೆ, ಮತ್ತು ತೂಕ ಹೆಚ್ಚಾಯಿತೆಂದು ಪೆಟ್ಟಿಗೆಯಿಂದ ಹೊರಬಂದು ನನ್ನಾಕೆಯ ಕಾಲ ಬಳಿ ನಿಂತಿರುವ ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ. ಆ ಹೊತ್ತಿಗೆ ಫ್ರೇಮಿನಲ್ಲಿ 1,140 ಚಿತ್ರಗಳಿದ್ದವು. ಒಂದೊಂದಕ್ಕೆ 30 ಸೆಕೆಂಡಿನಂತೆ ಒಂದು ಸುತ್ತು ಮುಗಿಯಲು ಒಂಬತ್ತೂವರೆ ಗಂಟೆ ಬೇಕು. ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ 2ಕ್ಕೆ, ಸಂಜೆ 6ಕ್ಕೆ ಕರೆಂಟು ಹೋಗುವ ದಿನ ಅಡ್ಡಿಯಿಲ್ಲದೆ ಸಿಗುವುದು ಹೆಚ್ಚೆಂದರೆ ನಾಲ್ಕು ಗಂಟೆ, ಅಂದರೆ 480 ಚಿತ್ರ. 480ನೆಯ ಚಿತ್ರದಲ್ಲಿ ಅವರಿಗಿನ್ನೂ 2024ರ ಫೆಬ್ರವರಿ. ಏಪ್ರಿಲ್ ಮೇ ತಿಂಗಳಿನಲ್ಲಿ ನಾವಿಲ್ಲಿ ಸೆಕೆಗೆ ಬೀಸಣಿಗೆ ಬೀಸಿಕೊಳ್ಳುತ್ತಿದ್ದರೆ, ಷೋಕೇಸಿನ ಮೇಲಿನ ಮಗ ಸೊಸೆಗೆ ಒಂದೂವರೆ ತಿಂಗಳು ಚಳಿಗಾಲ ಮುಗಿಯಲೇ ಇಲ್ಲ.

ನೆರೆಮನೆಯಲ್ಲಿ ಎಚ್‌ಎಂಟಿಯ ತುಮಕೂರಿನ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಒಂದು ಸಂಜೆ ನಮ್ಮಲ್ಲಿಗೆ ಬಂದಿದ್ದಾಗ ಕರೆಂಟು ಬಂದು, ವಿಮಾನ ನಿಲ್ದಾಣದ ಚಿತ್ರ ಮೂಡಿತು. ಅವರು ತಮ್ಮ ಕೈಗಡಿಯಾರದ ಕಡೆ ನೋಡಿ, ‘ಮೇಷ್ಟ್ರೇ, ನಾವು ಮಾಡಿದ ಗಡಿಯಾರ ಕೀಲಿ ಮುಗಿದು ನಿಂತರೆ, ಮತ್ತೆ ಕೀಲಿ ಕೊಟ್ಟಾಗ ನಿಂತ ಕಡೆಯಿಂದಲೇ ಹೊರಡುತ್ತಿತ್ತು’ ಎಂದರು. ಫ್ರೇಮಿನ ಕಂಪನಿಯವರಿಗೆ ಇಂಗ್ಲಿಷಿನಲ್ಲಿ ನಾನು ಬರೆದ ಎರಡು ಪುಟದ ಪತ್ರದಲ್ಲಿ ಈ ಮಾತಿನಷ್ಟು ಸ್ಪಷ್ಟವಾದದ್ದು ಇರಲಿಲ್ಲ. ಚಿತ್ರಗಳನ್ನು ಕಲಸಿ ತೋರಿಸುವ ಆಯ್ಕೆಯನ್ನು ಬಳಸಿರೆಂದು ಅವರು ಉತ್ತರಿಸಿದರು. ಬಳಸಿದೆವು. ಹಿಮದ ಹಿಂದೆಯೇ ಮಾವಿನ ಹಣ್ಣು, ಕಳುವಾದ ಸೈಕಲ್ಲು ಮರುಕ್ಷಣವೇ ಬಾಗಿಲಲ್ಲಿ ಪ್ರತ್ಯಕ್ಷ. ಕಥೆಗೆ ತಲೆಬುಡವಿಲ್ಲವೆಂದು ನನ್ನಾಕೆ ಎರಡೇ ದಿನದಲ್ಲಿ ಅದನ್ನು ತೆಗೆಸಿದಳು. ಕೊನೆಯಿಂದ ಮೊದಲಿಗೆ ತೋರಿಸುವ ಆಯ್ಕೆಯನ್ನು ಇದರಲ್ಲಿ ಇಟ್ಟೇ ಇಲ್ಲ.

ಈ ಮರೆವಿನಿಂದ ಆದ ಪೇಚು ಇಷ್ಟಕ್ಕೇ ನಿಲ್ಲಲಿಲ್ಲ. ಸೊಸೆ ಕಿಟಕಿಯ ಬಳಿ ಕುಂಡದಲ್ಲಿ ಕರಿಬೇವಿನ ಗಿಡ ಸಾಕಿದ್ದಳು. ಮೊದಲ ಚಳಿಗಾಲದಲ್ಲಿ ಅದರ ಎಲೆಯೆಲ್ಲ ಉದುರಿ ಒಂದು ಕಡ್ಡಿ ಉಳಿದಿತ್ತು. ಆಮೇಲೆ ಅದು ಚಿಗುರಿದ ಚಿತ್ರವನ್ನು ಬಂದ ದಿನ ಒಮ್ಮೆ ನೋಡಿದ್ದೆವು. ಬೋಳು ಕಡ್ಡಿಯನ್ನಾದರೋ ದಿನಕ್ಕೆ ಮೂರು ಸಲ ನೋಡುತ್ತಿದ್ದೆವು. ಹೀಗಾಗಿ ಪ್ರತಿ ಭಾನುವಾರದ ಫೋನಿನಲ್ಲಿ ನನ್ನಾಕೆ ಹುಳಿ ಮಜ್ಜಿಗೆ ಹಾಕು, ಬಿಸಿಲಿಗಿಡು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳುವುದು ನಡೆದಿತ್ತು. ಎಷ್ಟೋ ವಾರ ಹೂಂಗುಟ್ಟಿದ ಸೊಸೆ ಕೊನೆಗೊಂದು ದಿನ, ‘ಅತ್ತೆ, ಆ ಗಿಡದ ಸೊಪ್ಪಿನಲ್ಲಿ ಒಗ್ಗರಣೆ ಹಾಕಿ ಆಗಲೇ ಎಂಟು ತಿಂಗಳಾಯಿತು’ ಎಂದಳು. ಆ ಸಂಜೆಯೇ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ.

ನಮ್ಮ ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದರ ಲೈನು ದೀಪ ಮತ್ತು ಫ್ಯಾನುಗಳಿಗೆ ಮಾತ್ರ. ಷೋಕೇಸಿನ ಹಿಂದಿನ ಪ್ಲಗ್ ಪಾಯಿಂಟಿಗೆ ಆ ಲೈನನ್ನು ಎಳೆಯಲು ವೈರು, ಕೂಲಿ ಸೇರಿ 750 ರೂಪಾಯಿ ಆಯಿತು. ಇದನ್ನು ಫ್ರೇಮಿನ ಬೆಲೆಗೇ ಸೇರಿಸಿ 9,650 ಎಂದು ನಾನು ಲೆಕ್ಕ ಬರೆದಿಟ್ಟಿದ್ದೇನೆ. ಕೊಳ್ಳುವವರೂ ಹಾಗೆಯೇ ಲೆಕ್ಕ ಹಾಕಿಕೊಳ್ಳಬೇಕು. ಬಾಡಿಗೆ ಮನೆಯಲ್ಲಿದ್ದು ಗೋಡೆ ಮುಟ್ಟುವಂತಿಲ್ಲದಿದ್ದರೆ ಇದನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ.

ಲೈನು ಎಳೆದ ಮಾರನೆಯ ದಿನ ಫ್ರೇಮು 480ನ್ನು ದಾಟಿತು. ಮಧ್ಯಾಹ್ನದ ಊಟ ಮುಗಿಸಿ ಕೂತಿದ್ದೆವು, ಪರದೆಯ ಮೇಲೆ ಚಳಿಗಾಲ ಕಳೆದು ಮರಗಳು ಚಿಗುರಿದವು. ಒಂದು ಸಲ ನೋಡಿ ಮರೆತಿದ್ದವೆಲ್ಲ ಒಂದರ ಹಿಂದೊಂದು ಬಂದವು. ಏಪ್ರಿಲ್ 27 ಅಲ್ಲಿನ ರಾಜನ ಹುಟ್ಟುಹಬ್ಬವಂತೆ. ಅರಸು ಮನೆತನದ ಹೆಸರಿನಲ್ಲೇ ಕಿತ್ತಳೆ ಇರುವುದರಿಂದ ಊರಿಗೆ ಊರೇ ಆ ಬಣ್ಣ ತೊಟ್ಟಿತ್ತು, ನಮ್ಮ ಸೊಸೆ ಮದುವೆಗೆ ಕೊಟ್ಟ ಕಿತ್ತಳೆ ಬಣ್ಣದ ಮೊಳಕಾಲ್ಮೂರು ಸೀರೆ ಉಟ್ಟು ಸೇತುವೆಯ ಮೇಲೆ ನಿಂತಿದ್ದಳು. ಆ ದಿನ ಯಾರು ಬೇಕಾದರೂ ರಸ್ತೆಯ ಬದಿ ಕಂಬಳಿ ಹಾಸಿಕೊಂಡು ಮನೆಯ ಹಳೆಯ ಸಾಮಾನು ಮಾರಬಹುದು. ಮಗನ ಕಂಬಳಿಯನ್ನು ನನ್ನಾಕೆ ಮೊದಲ ಸಲ ಸರಿಯಾಗಿ ನೋಡಿದ್ದು ಆ ಮಧ್ಯಾಹ್ನವೇ: ತಾನು ಕೊಟ್ಟು ಕಳಿಸಿದ್ದ ಸ್ಟೀಲ್ ಡಬ್ಬಿಗಳೆರಡು ಅಲ್ಲಿ 3 ಯೂರೋ ಚೀಟಿ ಅಂಟಿಸಿಕೊಂಡು ಕೂತಿದ್ದವು. ವಿಚಾರಣೆ ಆ ಭಾನುವಾರ ಫೋನಿನಲ್ಲಿ ನಡೆಯಿತು. ಅದಾದ ಮೇಲೆ ಬಂದದ್ದು ಕಿಂಡರ್‌ಡೈಕ್ ಎಂಬಲ್ಲಿನ ಹತ್ತೊಂಬತ್ತು ಗಾಳಿಯಂತ್ರಗಳು, ಹೆಚ್ಚಿನವು 1740ರ ಸುಮಾರಿನವು. ತಗ್ಗಿನ ನೆಲದಲ್ಲಿ ನಿಲ್ಲುವ ನೀರನ್ನು ಎತ್ತಿ ಆಚೆಗೆ ಹಾಕಲು ಅವನ್ನು ಕಟ್ಟಿದರಂತೆ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂತೇ ಎಂದು ವಿಚಾರಿಸುತ್ತಲೇ ವರ್ಷ ಕಳೆಯುವ ನಮಗೆ, ನೀರನ್ನು ಹೊರಹಾಕಲು ಇಷ್ಟೊಂದು ಖರ್ಚು ಮಾಡುವವರನ್ನು ಕಂಡು ಅಸೂಯೆಯೇ ಆಯಿತು. ಇನ್ನೊಂದು ಚಿತ್ರದಲ್ಲಿ ಅವರ ಶೌಚಾಲಯದ ಗೋಡೆಯ ಮೇಲೆ ನೆಂಟರಿಷ್ಟರ ಹುಟ್ಟಿದ ದಿನಗಳ ಕ್ಯಾಲೆಂಡರು. ಅಲ್ಲಿ ಅದನ್ನು ನೇತುಹಾಕುವ ವಾಡಿಕೆ ಆ ಜಾಗದಲ್ಲಿಯೇ, ದಿನವೂ ತಪ್ಪದೆ ಕಣ್ಣಿಗೆ ಬೀಳಲೆಂದು. ತನ್ನ ಹೆಸರು ಅಲ್ಲಿದೆಯೆಂದು ತಿಳಿದ ನನ್ನಾಕೆ ಅದನ್ನು ಅಳಿಸುವವರೆಗೂ ಬಿಡಲಿಲ್ಲ. ನನ್ನದು ಈಗಲೂ ಇದೆ.

ಉಳಿದ ದೂರುಗಳು ಚಿಲ್ಲರೆಯವು. ನಿಲುವಾಗಿ ತೆಗೆದ ಚಿತ್ರವನ್ನು ಅಡ್ಡ ಪರದೆಗೆ ತುಂಬಿಸುವಾಗ ಒಮ್ಮೊಮ್ಮೆ ತಲೆ ಕತ್ತರಿಸಿಹೋಗುತ್ತದೆ. ಕಳಿಸುವವರು ಬೆರಳಿನಿಂದ ಚಿತ್ರವನ್ನು ಸರಿಸಿ ಕೂರಿಸಿದರೆ ಸರಿಯಾಗುತ್ತದೆ, ಸೊಸೆ ಮಾಡುತ್ತಾಳೆ, ಮಗ ಮಾಡುವುದಿಲ್ಲ. ವಿಡಿಯೋದ ಧ್ವನಿ ಡಬ್ಬದೊಳಗಿಂದ ಬಂದಂತಿದೆ. ತಿಂಗಳ ಬಾಡಿಗೆ, ಚಂದಾ ಎಂದು ಇದುವರೆಗೆ ಏನನ್ನೂ ಕೇಳಿಲ್ಲ, ಅದಕ್ಕೆ ಅರ್ಧ ನಕ್ಷತ್ರ ಹೆಚ್ಚು. ಎಲ್ಲ ಸೇರಿ ಐದಕ್ಕೆ ಮೂರೂವರೆ ಕೊಡುತ್ತೇನೆ. ನಿಂತ ಕಡೆಯಿಂದ ಹೊರಡುವುದನ್ನು ಕಲಿಸಿದ ದಿನ ಇನ್ನೊಂದು ಸೇರಿಸುತ್ತೇನೆ.

ಇನ್ವರ್ಟರಿನ ಬ್ಯಾಟರಿ ಪೂರ್ತಿ ಇಳಿದ ದಿನಗಳಲ್ಲಿ ಈಗಲೂ ಫ್ರೇಮು ಆರುತ್ತದೆ. ಅದಕ್ಕೂ ಮಗನೇ ದಾರಿ ಹುಡುಕಿದ: ವಿಮಾನ ನಿಲ್ದಾಣದ ಚಿತ್ರವನ್ನು ಮರೆಮಾಡಿದರೆ ಹೊರಟ ದಿನವನ್ನು ಮತ್ತೆ ಮತ್ತೆ ನೋಡುವುದಾದರೂ ತಪ್ಪುತ್ತದೆ, ಕಥೆ ಮನೆಯ ಮೆಟ್ಟಿಲಿನಿಂದ ಶುರುವಾಗುತ್ತದೆ. ಕಳೆದ ತಿಂಗಳು ಹಾಗೆಯೇ ಮಾಡಿದೆ. ಎರಡು ದಿನ ಸುಮ್ಮನಿದ್ದ ನನ್ನಾಕೆ ಮೂರನೆಯ ದಿನ ಅಡುಗೆಮನೆಯಿಂದ ಬಂದು ಪರದೆಯ ಮುಂದೆ ನಿಂತು, ‘ವಿಮಾನವನ್ನೇ ಹತ್ತದೆ ಇವರು ಆ ಮೆಟ್ಟಿಲು ಹೇಗೆ ಹತ್ತಿದರು ರೀ? ನನ್ನ ಭರಣಿ ಎಲ್ಲಿ?’ ಎಂದಳು. ಚಿತ್ರವನ್ನು ಇದ್ದ ಜಾಗಕ್ಕೆ ಮರಳಿ ಇಟ್ಟಿದ್ದೇನೆ.