ನಿಘಂಟು ಆ್ಯಪ್ ವಿಮರ್ಶೆ: ‘ಜೆಪರ್ಡೈಸ್’ ಅಂದರೆ ಬರೀ ‘ಅಪಾಯಕ್ಕೆ ಒಡ್ಡು’ ಅಲ್ಲ

ನಾನು ಬಳಸುವ ಇಂಗ್ಲಿಷ್-ಕನ್ನಡ ನಿಘಂಟು ಆ್ಯಪ್‌ಗೆ ಐದರಲ್ಲಿ ಮೂರು ಸ್ಟಾರ್. ಯಾಕೆ ಅಂತ ತಿಳಿಯಲು ‘ಜೆಪರ್ಡೈಸ್’ (jeopardize) ಎಂಬ ಒಂದು ಪದ ನೋಡಿದರೆ ಸಾಕು.

ಉಚ್ಚಾರಣೆಯ ಧ್ವನಿ ಸ್ಪಷ್ಟವಾಗಿದೆ. ಸ್ಪೆಲಿಂಗ್ ನಡುವೆ ಬರುವ ‘ಓ’ ಅಕ್ಷರವನ್ನು ಉಚ್ಚರಿಸಬಾರದು ಅನ್ನುವುದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಪದದ ಮೂಲವನ್ನೂ ಕೊಟ್ಟಿದ್ದಾರೆ, ಅದು ನನಗೆ ತುಂಬಾ ಇಷ್ಟವಾಯಿತು. ಹಳೆಯ ಫ್ರೆಂಚಿನಲ್ಲಿ ಇಬ್ಬರಿಗೂ ಸಮ ಅವಕಾಶ ಇರುವ ಆಟಕ್ಕೆ ‘ಜೂ ಪಾರ್ಟಿ’ ಅನ್ನುತ್ತಿದ್ದರಂತೆ. ಸೋಲೋ ಗೆಲುವೋ ಗೊತ್ತಿಲ್ಲದ ಆ ಸ್ಥಿತಿಯಿಂದಲೇ ಅಪಾಯ ಎಂಬ ಅರ್ಥ ಬಂತು. 1828ರ ನಿಘಂಟಿನಲ್ಲಿ ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್, ‘ಜೆಪರ್ಡ್’ ಎಂಬ ಹಳೆಯ ಕ್ರಿಯಾಪದ ಇರುವಾಗ ‘ಜೆಪರ್ಡೈಸ್’ ಬೇಡದ ಪದ ಅಂತ ಬರೆದಿದ್ದ. ಈಗ ಉಳಿದುಕೊಂಡಿರುವುದು ಇದೇ.

ತೊಂದರೆ ಇರುವುದು ಅರ್ಥ ಕೊಡುವಲ್ಲಿ. ‘ಎಂಡೇಂಜರ್’, ‘ರಿಸ್ಕ್’, ‘ಜೆಪರ್ಡೈಸ್’ ಮೂರಕ್ಕೂ ‘ಅಪಾಯಕ್ಕೆ ಒಡ್ಡು’ ಅಂತ ಒಂದೇ ಉತ್ತರ, ಒಂದೂ ಉದಾಹರಣೆ ಇಲ್ಲ. ಹೀಗಾದರೆ ಕಲಿಯುವವರು ಏನು ಮಾಡಬೇಕು? ಜೀವಕ್ಕೆ, ಆರೋಗ್ಯಕ್ಕೆ, ಪ್ರಾಣಿಗಳಿಗೆ ಅಪಾಯ ಅಂದಾಗ ‘ಎಂಡೇಂಜರ್’ ಸಹಜ. ಕೆಲಸ, ಮಾತುಕತೆ, ಒಪ್ಪಂದ, ಭವಿಷ್ಯ ಇಂಥವು ಕೈತಪ್ಪುವ ಹಾಗಾದಾಗ ‘ಜೆಪರ್ಡೈಸ್’ ಜಾಸ್ತಿ ಬರುತ್ತದೆ. ಅಮೆರಿಕದಲ್ಲಿ ಅಳಿವಿನಂಚಿನ ಜೀವಿಗಳಿಗಾಗಿ 1973ರಲ್ಲಿ ಬಂದ ಕಾನೂನನ್ನೇ ನೋಡಿ. ಹೆಸರಿನಲ್ಲಿ ‘ಎಂಡೇಂಜರ್ಡ್’ ಇದೆ, ಆದರೆ ಆ ಜೀವಿಗಳ ಉಳಿವನ್ನು ‘ಜೆಪರ್ಡೈಸ್’ ಮಾಡಬಾರದು ಅಂತ ಒಳಗೆ ಬರೆದಿದ್ದಾರೆ. ಎಷ್ಟು ಚೆಂದದ ವ್ಯತ್ಯಾಸ ಅಲ್ವಾ!

ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ‘ಆ ಒಂದು ಹೇಳಿಕೆ ಮಾತುಕತೆಗೇ ಸಂಚಕಾರ ತಂದಿತು’, ‘ಈ ಸುಳ್ಳು ನಿನ್ನ ಕೆಲಸಕ್ಕೇ ಕುತ್ತು ತರುತ್ತದೆ’ ಅಂದರೆ ಯಾರಿಗೂ ಅರ್ಥವಾಗುತ್ತದೆ. ಗೊತ್ತಿದ್ದೂ ತನ್ನದನ್ನೇ ಒಡ್ಡಿದರೆ ‘ಪಣಕ್ಕಿಡು’ ಸರಿ, ಅದು ‘ರಿಸ್ಕ್’ಗೆ ಹೊಂದುತ್ತದೆ. ‘ಹಾಳು ಮಾಡು’ ಅಂತ ಮಾತ್ರ ಬರೆಯಬೇಡಿ, ಯಾಕೆಂದರೆ ‘ಜೆಪರ್ಡೈಸ್’ ಆದದ್ದು ಇನ್ನೂ ಹಾಳಾಗಿರುವುದಿಲ್ಲ, ಉಳಿಸಿಕೊಳ್ಳಲು ಅವಕಾಶ ಇರುತ್ತದೆ.

ಬರೀ ಅರ್ಥ ಗೊತ್ತಾದರೆ ಸಾಕು ಅನ್ನುವವರಿಗೆ ಈ ಆ್ಯಪ್ ಪರವಾಗಿಲ್ಲ. ಅನುವಾದ ಮಾಡುವವರು, ಪರೀಕ್ಷೆಗೆ ಓದುವವರು ಇದೊಂದನ್ನೇ ನಂಬಬೇಡಿ, ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್-ಇಂಗ್ಲಿಷ್ ನಿಘಂಟನ್ನೂ ಜೊತೆಗೆ ಇಟ್ಟುಕೊಳ್ಳಿ. ಪ್ರತಿ ಕ್ರಿಯಾಪದಕ್ಕೂ ಎರಡೆರಡು ವಾಕ್ಯ ಸೇರಿಸಿದರೆ ಐದು ಸ್ಟಾರ್ ಕೊಡಲು ನಾನು ಸಿದ್ಧ.